ಎಣ್ಣೆ ಬಿಡಬಹುದು, ಏಳು ಗಂಟೆಯ ಗ್ಯಾಂಗ್ ಬಿಡುವುದು ಹೇಗೆ?

ಕುಡಿತ ಬಿಡಿಸಿ ಅಂತ ಮಗನನ್ನೋ ಗಂಡನನ್ನೋ ಕರೆದುಕೊಂಡು ಬರುವವರು ಮೊದಲು ಹೇಳುವುದು ಒಂದೇ ಮಾತು: 'ನಮ್ಮ ಹುಡುಗ ಒಳ್ಳೆಯವನೇ ಡಾಕ್ಟ್ರೇ, ಸಹವಾಸ ಸರಿ ಇಲ್ಲ.' ತಮಾಷೆ ಅಂದ್ರೆ, ಅದೇ ಗ್ಯಾಂಗಿನ ಇನ್ನೊಬ್ಬನ ಅಮ್ಮ ಬಂದಾಗಲೂ ಇದೇ ಮಾತು. ಅವರ ಪ್ರಕಾರ ಕೆಡಿಸಿದವನು ಈ ಹುಡುಗ! ಕುಡಿಯುವ ಆಸೆ ಇದ್ದವನು ಕುಡಿಯುವವರನ್ನು ಹುಡುಕಿಕೊಂಡು ಹೋಗುತ್ತಾನೆ, ಹೋದ ಮೇಲೆ ಅವರ ಜತೆ ಕೂತು ಅವನ ಅಳತೆಯೂ ಏರುತ್ತದೆ. ಯಾವುದು ಮೊದಲು ಅಂತ ಬಿಡಿಸಿ ಹೇಳುವುದು ನಮಗೂ ಕಷ್ಟ.

ನಾನು ಹೆಚ್ಚು ಗಮನ ಕೊಡುವುದು ಆ ಗ್ಯಾಂಗ್ ಅವನಿಗೆ ಏನೇನು ಕೊಡುತ್ತಿದೆ ಅನ್ನುವುದಕ್ಕೆ. ಲಗೇಜ್ ಆಟೋ ಓಡಿಸುವ ಒಬ್ಬನನ್ನು ತೆಗೆದುಕೊಳ್ಳಿ (ಒಬ್ಬರ ಕತೆಯಲ್ಲ, ಹಲವರದ್ದು ಸೇರಿಸಿದ್ದೇನೆ). ಸಂಜೆ ಏಳಕ್ಕೆ ಮಾರ್ಕೆಟ್ ಹತ್ತಿರದ ವೈನ್ ಶಾಪ್. ನಾಲ್ಕು ಜನ, ಒಂದು ಪ್ಲೇಟ್ ಕಡ್ಲೆಬೀಜ. ನಿನ್ನೆ ಅವನು ಕುಡಿಸಿದ್ದಾನೆ, ಇವತ್ತು ಇವನದ್ದು. ಈ ಲೆಕ್ಕ ಯಾವತ್ತೂ ಚುಕ್ತಾ ಆಗುವುದಿಲ್ಲ, ಆಗಬಾರದು ಅಂತಲೇ ಅದು ಇರುವುದು, ಯಾಕೆಂದರೆ ಚುಕ್ತಾ ಆದ ದಿನ ನಾಳೆ ಬರಲು ಕಾರಣವೇ ಇರುವುದಿಲ್ಲ ಅಲ್ವಾ? ಅಲ್ಲೇ ನಾಳೆಯ ಬಾಡಿಗೆ ಸಿಗುತ್ತದೆ, ಮಗಳ ಫೀಸಿಗೆ ಕೈಸಾಲವೂ ಹುಟ್ಟುತ್ತದೆ. ನಾವು ಸುಮ್ನೆ 'ಅವರ ಸಹವಾಸ ಬಿಡು' ಅಂದರೆ ಅವನ ಕಿವಿಗೆ ಬೀಳುವುದು 'ನಿನ್ನ ಬಾಡಿಗೆ ಬಿಡು, ಸಾಲ ಕೊಡುವವನನ್ನು ಬಿಡು' ಅಂತ.

ಇನ್ನು ಬಿಟ್ಟವನನ್ನು ಗ್ಯಾಂಗ್ ಬಿಡುವುದಿಲ್ಲ. 'ಏನ್ ಮಗಾ, ಹೆಂಡ್ತಿ ಹೆದರಿಸಿದ್ಲಾ?' ಅಂತ ಕಿಚಾಯಿಸುತ್ತಾರೆ. ಅವರೇನೂ ದುಷ್ಟರಲ್ಲ. ನಾಲ್ವರಲ್ಲಿ ಒಬ್ಬ ಸೋಡಾ ಹಿಡಿದು ಕೂತರೆ ಉಳಿದ ಮೂವರಿಗೆ ತಮ್ಮ ಗ್ಲಾಸ್ ಎದ್ದು ಕಾಣುತ್ತದೆ.

ಜಾಗ, ಜನ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರ ಉದಾಹರಣೆ ಇದೆ. 1971ರಲ್ಲಿ ವಾಪಸ್ ಬಂದವರನ್ನು ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಹುಡುಕಿ ಮಾತಾಡಿಸಿದರು. ಸುಮಾರು ಐವರಲ್ಲಿ ಒಬ್ಬ ಅಲ್ಲಿ ಹೆರಾಯಿನ್‌ನಂಥ ಮಾದಕಕ್ಕೆ ದಾಸನಾಗಿದ್ದ. ಊರಿಗೆ ಬಂದ ಮೊದಲ ವರ್ಷ ಮತ್ತೆ ದಾಸರಾದವರು ಅವರಲ್ಲಿ ನೂರಕ್ಕೆ 5ರಷ್ಟು ಮಾತ್ರ. ಇದೆಲ್ಲ ಸ್ನೇಹಿತರ ಮಹಿಮೆ ಅನ್ನಲಾರೆ. ಅಲ್ಲಿ ಮಾಲು ಅಗ್ಗವಾಗಿ ಕೈಗೆ ಸಿಗುತ್ತಿತ್ತು, ತಲೆ ಮೇಲೆ ಯುದ್ಧವಿತ್ತು. ಊರಿಗೆ ಬಂದಾಗ ಅವೆಲ್ಲ ಒಟ್ಟಿಗೇ ತಪ್ಪಿದವು. ನಮ್ಮವರ ಪಾಡು ಉಲ್ಟಾ. ಆಸ್ಪತ್ರೆಯಲ್ಲಿ ಮೂರು ವಾರ ಚೆನ್ನಾಗಿದ್ದು, ಡಿಸ್ಚಾರ್ಜ್ ಆಗಿ ಅದೇ ಬಸ್ ಸ್ಟಾಪಿನಲ್ಲಿ ಇಳಿಯುತ್ತಾರೆ.

ಹಾಗಂತ ಇಡೀ ಗ್ಯಾಂಗನ್ನು ಬದಲಾಯಿಸಲು ಹೊರಡಬೇಕಿಲ್ಲ. 1950ರ ದಶಕದಲ್ಲಿ ಸಾಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ ಮಾಡಿದ ಗೆರೆಗಳ ಪ್ರಯೋಗ ನನಗೆ ಇಲ್ಲಿ ನೆನಪಾಗುತ್ತದೆ. ಮೂರರಲ್ಲಿ ಯಾವ ಗೆರೆ ತೋರಿಸಿದ ಗೆರೆಯಷ್ಟೇ ಉದ್ದ ಇದೆ ಅಂತ ಕಣ್ಣಿಗೆ ಸ್ಪಷ್ಟವಾಗಿ ಕಂಡರೂ, ಸುತ್ತಲಿನವರೆಲ್ಲ ಬೇಕಂತಲೇ ತಪ್ಪು ಹೇಳಿದಾಗ ಜನ ಮೂರರಲ್ಲೊಂದು ಸಲ ತಾವೂ ತಪ್ಪನ್ನೇ ಹೇಳಿದರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೆ ಸಾಕು, ಹೀಗೆ ತಲೆಯಾಡಿಸುವುದು ಮೊದಲಿನದರ ಕಾಲು ಭಾಗಕ್ಕೆ ಇಳಿಯಿತು.

ಅದಕ್ಕೇ ಮನೆಯವರಿಗೆ ನಾನು ಹೇಳುವುದು, ಅವನ ಸ್ನೇಹಿತರ ಮನೆ ಮುಂದೆ ಹೋಗಿ ಜಗಳ ಮಾಡಬೇಡಿ, ಅವರಲ್ಲಿ ಕಮ್ಮಿ ಕುಡಿಯುವ ಒಬ್ಬನನ್ನು ನನ್ನ ಹತ್ತಿರ ಕರೆದುಕೊಂಡು ಬನ್ನಿ. ಬರುತ್ತಾರೆ, ಬೈಸಿಕೊಳ್ಳಲು ಸಿದ್ಧರಾಗಿಯೇ ಬರುತ್ತಾರೆ. ಏಳರಿಂದ ಒಂಬತ್ತರವರೆಗೆ ಇವನ ಜತೆ ಟೀ ಅಂಗಡಿಯಲ್ಲಿ ಕೂರ್ತೀಯಾ ಅಂತ ಕೇಳುತ್ತೇನೆ. ಬಾಡಿಗೆ ವಿಷಯ ಬೆಳಗ್ಗೆ ಸ್ಟ್ಯಾಂಡಿನಲ್ಲೇ ಮಾತಾಡಿಕೊಳ್ಳಿ ಅನ್ನುತ್ತೇನೆ. ಅಂಥವರು ಯಾರೂ ಸಿಗದಿದ್ದರೆ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆ ಇದೆ, ಫೀಸಿಲ್ಲ, ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು. ಅಲ್ಲಿ ಸೋಡಾ ಹಿಡಿದವನನ್ನು ಯಾರೂ ಕಿಚಾಯಿಸುವುದಿಲ್ಲ.

ಒಂದು ಮಾತು, ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮೊದಲು ಡಾಕ್ಟರಿಗೆ ತೋರಿಸಿ, ಗ್ಯಾಂಗಿನ ವಿಚಾರ ಆಮೇಲೆ.