ಹಳದಿಗೆ ತಾರೀಖಿಲ್ಲ

ಎರಡೂವರೆ ತಿಂಗಳ ಮಗು. ಮೂಗು ಕಟ್ಟಿ ಹಾಲು ಕುಡಿಯುತ್ತಿಲ್ಲ ಎಂದು ಅಜ್ಜಿ ಎತ್ತಿಕೊಂಡು ಬಂದಿದ್ದರು. ಎದೆ ಪರೀಕ್ಷಿಸಿ, ಮೂಗಿಗೆ ಹನಿ ಬರೆದುಕೊಟ್ಟು, ಮುಂದಿನವರನ್ನು ಕರೆಯುವವನಿದ್ದೆ. ತೂಕ ನೋಡುತ್ತಿದ್ದ ಸಿಸ್ಟರ್ ಮಗುವಿನ ಬಲಗಿವಿಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಮುಂದಕ್ಕೆ ಮಡಚಿ, “ಸಾರ್, ಇಲ್ಲೊಮ್ಮೆ ನೋಡಿ” ಎಂದರು. ಕಿವಿಯ ಹಿಂದೆ ಹೆಬ್ಬೆರಳಿನ ಉಗುರಿನಷ್ಟಗಲ ನೀಲಿಗಟ್ಟಿತ್ತು. ಅಂಚಿನಲ್ಲಿ ಹಳದಿ.

“ತೊಟ್ಟಿಲಲ್ಲಿ ಹೊರಳುವಾಗ ತಾಗಿರಬೇಕು ಡಾಕ್ಟ್ರೇ” ಎಂದರು ಅಜ್ಜಿ. ಆ ಮಗು ಇನ್ನೂ ಬೋರಲು ಬೀಳಲು ಕಲಿತಿರಲಿಲ್ಲ.

ಅವತ್ತು ನಾನು ಒಂದು ಸರಿಯಾದ ಕೆಲಸ ಮಾಡಿದೆ, ಒಂದು ತಪ್ಪು ಮಾಡಿದೆ. ಮಗುವನ್ನು ದಾಖಲು ಮಾಡಿಕೊಂಡು, ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ ಮಾಡಿಸಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣದ ವೈದ್ಯಕೀಯ ದಾಖಲೆ) ಬರೆದು ಪೊಲೀಸರಿಗೆ ತಿಳಿಸಿದ್ದು ಸರಿ. ಕೇಸ್ ಶೀಟಿನಲ್ಲಿ ‘ಅಂಚು ಹಳದಿಯಾಗಿರುವುದರಿಂದ ಐದಾರು ದಿನ ಹಳೆಯ ಗಾಯ’ ಎಂದು ಬರೆದದ್ದು ತಪ್ಪು. ವಿದ್ಯಾರ್ಥಿಯಾಗಿದ್ದಾಗ ಬಾಯಿಪಾಠ ಮಾಡಿದ್ದ ಪಟ್ಟಿ ಅದು: ಮೊದಲ ದಿನ ಕೆಂಪು, ಆಮೇಲೆ ನೀಲಿ, ಐದನೇ ದಿನಕ್ಕೆ ಹಸಿರು, ವಾರಕ್ಕೆ ಹಳದಿ. ನಾನು ಬರೆದ ಆ ಒಂದು ಸಾಲನ್ನು ಹಿಡಿದು, ಐದಾರು ದಿನದ ಹಿಂದೆ ಮಗುವನ್ನು ನೋಡಿಕೊಂಡಿದ್ದ ಚಿಕ್ಕಮ್ಮನನ್ನು ಮೂರು ಸಲ ಠಾಣೆಗೆ ಕರೆಸಿದರು. ಪೆಟ್ಟು ಬಿದ್ದದ್ದು ಆಸ್ಪತ್ರೆಗೆ ಬರುವ ಹಿಂದಿನ ದಿನ ಬೆಳಗ್ಗೆ, ಬೇರೆ ಮನೆಯಲ್ಲಿ, ಬೇರೊಬ್ಬರ ಕೈಯಿಂದ ಎಂಬುದು ಆಮೇಲೆ ಗೊತ್ತಾಯಿತು.

ಗಾಯದ ಬಣ್ಣ ನೋಡಿ ದಿನ ಹೇಳುವ ಈ ನಂಬಿಕೆ ಸಾಮಾನ್ಯ ಜನರಲ್ಲೂ ಇದೆ, ನಮ್ಮ ವೃತ್ತಿಯವರಲ್ಲೂ ಇದೆ. ಅದು ಯಾಕೆ ಸುಳ್ಳು ಎನ್ನುವುದು ತಿಳಿಯಬೇಕಾದರೆ ಬಣ್ಣ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ದೇಹದ ರಸಾಯನಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಚೆಂದದ ಕಥೆ ಬೇರೆ ಕಾಣುವುದಿಲ್ಲ.

ಪೆಟ್ಟು ಬಿದ್ದಾಗ ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು ಕೆಂಪು ಕಣಗಳು ಸುತ್ತಲಿನ ಅಂಗಾಂಶಕ್ಕೆ ಚೆಲ್ಲುತ್ತವೆ. ನಾಳದ ಹೊರಗೆ ಬಿದ್ದ ರಕ್ತ ಕೆಲಸಕ್ಕೆ ಬಾರದು, ಗುಡಿಸಬೇಕು. ಗುಡಿಸಲು ಬರುವ ಜೀವಕೋಶಗಳೇ ಮ್ಯಾಕ್ರೋಫೇಜ್‌ಗಳು. ಅವು ಕೆಂಪು ಕಣವನ್ನು ನುಂಗಿ, ಅದರೊಳಗಿನ ಹಿಮೋಗ್ಲೋಬಿನ್ ಬಿಡಿಸಿ, ಅದರೊಳಗಿನ ಹೀಮ್ ಎಂಬ ಅಣುವನ್ನು ಹೊರತೆಗೆಯುತ್ತವೆ. ಹೀಮ್ ಎಂದರೆ ಒಂದು ಉಂಗುರ, ನಡುವೆ ಹರಳಿನ ಹಾಗೆ ಕೂತ ಕಬ್ಬಿಣದ ಒಂದು ಪರಮಾಣು. ಹೀಮ್ ಆಕ್ಸಿಜನೇಸ್ ಎಂಬ ಕಿಣ್ವ ಅಕ್ಕಸಾಲಿಯಂತೆ ಬಂದು ಆ ಉಂಗುರವನ್ನು ಒಂದೇ ಜಾಗದಲ್ಲಿ ಕತ್ತರಿಸುತ್ತದೆ. ಹರಳು ಕಳಚುತ್ತದೆ. ಒಲೆಯ ಹೊಗೆಯಲ್ಲಿರುವ ಅದೇ ಕಾರ್ಬನ್ ಮಾನಾಕ್ಸೈಡ್ ಕೂಡ ಒಂದಿಷ್ಟು ಹೊರಬೀಳುತ್ತದೆ. ಬಿಚ್ಚಿಕೊಂಡ ಉಂಗುರ ಬೆಳಕನ್ನು ಹೀರುವ ರೀತಿಯೇ ಬೇರೆ, ಅದು ಹಸಿರಾಗಿ ಕಾಣುತ್ತದೆ. ಅದರ ಹೆಸರು ಬಿಲಿವರ್ಡಿನ್. ಇನ್ನೊಂದು ಕಿಣ್ವ ಅದಕ್ಕೆ ಹೈಡ್ರೋಜನ್ ಸೇರಿಸಿದರೆ ಹಳದಿಯ ಬಿಲಿರುಬಿನ್. ಕಳಚಿದ ಕಬ್ಬಿಣ ಅಲ್ಲೇ ಹಿಮೋಸಿಡೆರಿನ್ ಆಗಿ ಕೂತರೆ ಕಂದು.

ಹಳೇ ಮನೆ ಕೆಡವುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೆಂಚು ಒಬ್ಬ ಒಯ್ಯುತ್ತಾನೆ, ತೊಲೆ ಇನ್ನೊಬ್ಬ, ಕಬ್ಬಿಣ ಗುಜರಿಯವನಿಗೆ. ಮೊದಲ ದಿನ ಅಂಗಳದಲ್ಲಿ ಹೆಂಚಿನ ರಾಶಿ, ಆಮೇಲೆ ಮರದ ರಾಶಿ. ಆದರೆ ಕೆಡವುವುದಕ್ಕೆ ಎಷ್ಟು ದಿನ ಹಿಡಿಯುತ್ತದೆ? ಮನೆ ಎಷ್ಟು ದೊಡ್ಡದು, ಆಳು ಎಷ್ಟು ಜನ ಎಂಬುದನ್ನು ಕೇಳದೆ ಯಾರೂ ಹೇಳಲಾರರು.

ಇನ್ನೂ ಒಳ್ಳೆಯ ಹೋಲಿಕೆ ಮಾವಿನಕಾಯಿಯದು. ಒಂದೇ ಮರದ ಕಾಯಿಗಳನ್ನು ಒಂದೇ ದಿನ ಹುಲ್ಲಿನಲ್ಲಿ ಹಣ್ಣಿಗೆ ಹಾಕಿ ನೋಡಿ. ನಾಲ್ಕನೇ ದಿನ ಒಂದು ಪೂರ್ತಿ ಹಳದಿ, ಅದರ ಪಕ್ಕದ್ದು ಹಸಿರು, ಮತ್ತೊಂದು ತೊಟ್ಟಿನ ಹತ್ತಿರ ಮಾತ್ರ ಬಣ್ಣ ತಿರುಗಿದ್ದು. ಹಳದಿ ಹಣ್ಣನ್ನು ಕೈಯಲ್ಲಿ ಹಿಡಿದು ‘ಇದನ್ನು ಇಟ್ಟು ಆರು ದಿನ ಆಯಿತು’ ಎಂದು ಪ್ರಮಾಣ ಮಾಡುವವರು ಯಾರು? ಗಾಯವೂ ಹಾಗೆಯೇ. ರಕ್ತ ಎಷ್ಟು ಚೆಲ್ಲಿತು, ಎಷ್ಟು ಆಳದಲ್ಲಿ, ಚರ್ಮ ಎಷ್ಟು ತೆಳು, ಎಲ್ಲದರ ಮೇಲೂ ವೇಗ ನಿಂತಿದೆ. ಒಂದೇ ಪೆಟ್ಟಿನ ಗಾಯದಲ್ಲಿ ನಡುವೆ ನೀಲಿ, ಅಂಚಿನಲ್ಲಿ ಹಳದಿ ಒಟ್ಟಿಗೇ ಇರಬಹುದು. ರಕ್ತ ಇದ್ದಲ್ಲೇ ಇರುವುದೂ ಇಲ್ಲ, ಇಳಿಜಾರಿಗೆ ಹರಿಯುತ್ತದೆ. ಹಣೆಗೆ ಬಿದ್ದ ಪೆಟ್ಟು ಎರಡು ದಿನ ಬಿಟ್ಟು ಕಣ್ಣಿನ ಸುತ್ತ ಕಪ್ಪಾಗಿ ಕಾಣಿಸುವುದು ಹೀಗೆ. ನಮ್ಮ ಮೈಬಣ್ಣದ ಮೇಲಂತೂ ಹಳದಿಯನ್ನು ಗುರುತಿಸುವುದೇ ಕಷ್ಟ. ಇಬ್ಬರು ಒಂದೇ ಗಾಯ ನೋಡಿ ಒಬ್ಬರಿಗೆ ಹಳದಿ ಕಂಡದ್ದು ಇನ್ನೊಬ್ಬರಿಗೆ ಕಾಣದಿರುವುದುಂಟು.

1991ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು, ಪೆಟ್ಟು ಬಿದ್ದ ಸಮಯ ಖಚಿತವಾಗಿ ಗೊತ್ತಿದ್ದ ಗಾಯಗಳ ಫೋಟೋ ತೆಗೆದು ಪರಿಶೀಲಿಸಿದರು. ಅವರಿಗೆ ಸಿಕ್ಕ ಭರವಸೆಯ ಮಾತು ಒಂದೇ: 18 ಗಂಟೆಗಿಂತ ಮೊದಲು ಹಳದಿ ಕಾಣಿಸಲಿಲ್ಲ. ಕೆಂಪು, ನೀಲಿ, ನೇರಳೆ ಬಣ್ಣಗಳು ಮೊದಲ ಗಂಟೆಯಿಂದ ಗಾಯ ಮಾಯುವವರೆಗೆ ಯಾವಾಗ ಬೇಕಾದರೂ ಇರಬಹುದು. ನಾನು ಐದಾರು ದಿನ ಎಂದು ಬರೆದ ಹಳದಿ ಹಿಂದಿನ ದಿನದ್ದೇ ಆಗಿರಲು ಯಾವ ಅಡ್ಡಿಯೂ ಇರಲಿಲ್ಲ.

ಬಿಲಿರುಬಿನ್ ಹೆಸರು ಬಂದ ಮೇಲೆ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ನವಜಾತ ಶಿಶುವಿನ ಕಾಮಾಲೆಯ ಹಳದಿಯೂ ಇದೇ ಅಣು. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ಸಿಸ್ಟರ್ ಬಿಸಿಲು ಬಿದ್ದ ದಿನ ಶಿಶುಗಳನ್ನು ತೋಟಕ್ಕೆ ಕರೆದೊಯ್ಯುತ್ತಿದ್ದರು. ಒಮ್ಮೆ ವೈದ್ಯರಿಗೆ ಒಂದು ಮಗುವನ್ನು ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನದಷ್ಟು ಜಾಗ ಮಾತ್ರ ಗಾಢ ಹಳದಿ. ಕಿಟಕಿಯ ಬಿಸಿಲಿನಲ್ಲಿ ಉಳಿದುಹೋದ ರಕ್ತದ ಮಾದರಿಯಲ್ಲೂ ಬಿಲಿರುಬಿನ್ ಇಳಿದದ್ದು ಕಂಡಿತು. 1958ರಲ್ಲಿ ಪ್ರಬಂಧ ಪ್ರಕಟವಾಯಿತು. ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ಕಾಮಾಲೆಯ ಶಿಶುಗಳಿಗೆಂದು ಉರಿಯುವ ನೀಲಿ ದೀಪದ ಮೂಲ ಅದು.

ಆ ದೀಪ ಬಂದು ಅರವತ್ತು ವರ್ಷ ದಾಟಿದ ಮೇಲೂ ಕಾಮಾಲೆಗೆ, ಹೊಟ್ಟೆಯುಬ್ಬರಕ್ಕೆ, ಬಾಲಗ್ರಹಕ್ಕೆ ಎಂದು ಎಳೆಗೂಸಿನ ಹೊಟ್ಟೆಯ ಮೇಲೆ ಬರೆ ಹಾಕಿಸಿಕೊಂಡು ಬರುವವರನ್ನು ನಮ್ಮ ಕಡೆಯ ಮಕ್ಕಳ ವೈದ್ಯರು ನೋಡುತ್ತಿದ್ದೇವೆ. ಕಾಸಿದ ಬಳೆಯ ಚೂರಿನ ಗುರುತು, ಸಾಲಾಗಿ, ಒಂದೇ ಅಳತೆಯಲ್ಲಿ. ಆ ಮನೆಯವರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ, ಅಳುತ್ತಲೇ ಬರೆ ಹಾಕಿಸಿರುತ್ತಾರೆ. ಆದರೆ ಸುಟ್ಟ ಚರ್ಮದಿಂದ ಸೋಂಕು ರಕ್ತಕ್ಕೆ ಇಳಿಯಲು ಪ್ರೀತಿ ಅಡ್ಡ ಬರುವುದಿಲ್ಲ. ‘ಅವರ ಸಂಪ್ರದಾಯ’ ಎಂದು ಕಣ್ಣು ಮುಚ್ಚುವ ವೈದ್ಯರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ಅದನ್ನೂ ಗಾಯವೆಂದೇ ದಾಖಲಿಸಬೇಕು.

ಹಾಗಾದರೆ ಗಾಯ ಏನನ್ನೂ ಹೇಳುವುದಿಲ್ಲವೇ? ಯಾವಾಗ ಎಂದು ಹೇಳದ ಗಾಯ, ಎಲ್ಲಿದೆ ಮತ್ತು ಯಾರ ಮೈಮೇಲಿದೆ ಎಂಬುದರಿಂದಲೇ ಬಹಳಷ್ಟು ಹೇಳುತ್ತದೆ. 1999ರಲ್ಲಿ ಅಮೆರಿಕದಲ್ಲಿ, ಮಾಮೂಲಿ ತಪಾಸಣೆಗೆ ಬಂದ ಆರೋಗ್ಯವಂತ ಮಕ್ಕಳ ಮೈಯಲ್ಲಿ ಎಷ್ಟು ಕಲೆಗಳಿವೆ ಎಂದು ಎಣಿಸಿದರು. ನಡೆಯುವ 318 ಮಕ್ಕಳಲ್ಲಿ 165 ಮಂದಿಗೆ ಇತ್ತು. ಆರು ತಿಂಗಳೊಳಗಿನ 366 ಶಿಶುಗಳಲ್ಲಿ? ಇಬ್ಬರಿಗೆ. ನಡೆಯುವ ಮಗು ಬೀಳುತ್ತದೆ, ಮೊಣಕಾಲು, ಮೊಣಕಾಲ ಕೆಳಗಿನ ಮೂಳೆ, ಹಣೆ ತಾಗುತ್ತದೆ. ಮೂಳೆ ಮುಂದಕ್ಕೆ ಚಾಚಿಕೊಂಡ ಜಾಗಗಳವು. ಕಿವಿ, ಕುತ್ತಿಗೆ, ಹೊಟ್ಟೆ, ಬೆನ್ನು ಹಾಗೆ ನೆಲಕ್ಕೆ ತಾಗುವ ಜಾಗಗಳಲ್ಲ. ಇದರ ಮೇಲೆಯೇ ಅಮೆರಿಕದ ವೈದ್ಯರು ‘ಟೆನ್-ಫೋರ್’ ಎಂಬ ಸೂತ್ರ ಕಟ್ಟಿದ್ದಾರೆ: ನಾಲ್ಕು ವರ್ಷದೊಳಗಿನ ಮಗುವಿನ ಮುಂಡ, ಕಿವಿ, ಕುತ್ತಿಗೆಯ ಮೇಲೆ ನೀಲಿಗಟ್ಟಿದ್ದರೆ, ಅಥವಾ ನಾಲ್ಕು ತಿಂಗಳವರೆಗಿನ ಶಿಶುವಿಗೆ ಎಲ್ಲೇ ನೀಲಿಗಟ್ಟಿದ್ದರೂ ನಿಂತು ಯೋಚಿಸಿ. 2021ರಲ್ಲಿ ಅದಕ್ಕೆ ಕೆನ್ನೆ, ದವಡೆಯ ಮೂಲೆ, ಕಣ್ಣುರೆಪ್ಪೆ, ತುಟಿಯೊಳಗಿನ ಎಳೆ, ಕೈಬೆರಳಿನದೋ ಬೆಲ್ಟಿನದೋ ಅಚ್ಚು ಮೂಡಿದ ಬಾಸುಂಡೆ ಇವನ್ನೂ ಸೇರಿಸಿದರು. ಆ ಸೂತ್ರ ಹಿಂಸೆಗೊಳಗಾದ 100 ಮಕ್ಕಳಲ್ಲಿ 95 ಮಂದಿಯನ್ನು ಹಿಡಿಯಿತು. ನಿಜವಾಗಿ ಬಿದ್ದೇ ಗಾಯವಾದ 100ರಲ್ಲಿ 13 ಮಂದಿಯ ಮೇಲೂ ಅನುಮಾನ ತೋರಿಸಿತು. ಅನುಮಾನ ತೀರ್ಪಲ್ಲ ಎನ್ನುವುದಕ್ಕೆ ಆ 13 ಸಾಕು.

ಆದ್ದರಿಂದಲೇ ಮೊದಲು ಬೇರೆ ಕಾರಣ ಹುಡುಕಬೇಕು. ನಮ್ಮ ಶಿಶುಗಳ ಸೊಂಟದ ಕೆಳಗೆ ಹುಟ್ಟಿನಿಂದಲೇ ಇರುವ ನೀಲಿ ಮಚ್ಚೆಯನ್ನು ಗಾಯವೆಂದು ತಿಳಿಯುವವರಿದ್ದಾರೆ. ವಾರ ಬಿಟ್ಟು ನೋಡಿ, ಮಚ್ಚೆ ಬಣ್ಣ ಬದಲಿಸುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ, ಹಿಮೋಫಿಲಿಯಾ ಇದ್ದರೆ, ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ತಪ್ಪಿದ್ದರೆ ಎತ್ತಿಕೊಂಡರೂ ನೀಲಿಗಟ್ಟಬಹುದು. ಕಿವಿಯ ಹಿಂದಿನ ಆ ಕಲೆ ಕಂಡ ದಿನ ನಾವು ಮೊದಲು ಮಾಡಿಸಿದ್ದು ಇದೇ ಪರೀಕ್ಷೆಗಳನ್ನು. ಎಲ್ಲ ಸರಿಯಾಗಿದ್ದವು.

ಕಣ್ಣೆದುರಿಗಿದ್ದದ್ದನ್ನು ಕಾಣದಿರುವುದು ನಮ್ಮ ವೃತ್ತಿಯ ಹಳೆಯ ಕಾಯಿಲೆ. ಪ್ಯಾರಿಸ್ಸಿನ ನ್ಯಾಯವೈದ್ಯ ಆಂಬ್ರ್ವಾಜ್ ತಾರ್ದ್ಯೂ 1860ರಲ್ಲೇ ಹಿಂಸೆಗೊಳಗಾದ 32 ಮಕ್ಕಳ ವಿವರ ಬರೆದ. ಅವರಲ್ಲಿ 18 ಮಂದಿ ಸತ್ತಿದ್ದರು. ಯಾರೂ ಕಿವಿಗೊಡಲಿಲ್ಲ. 1946ರಲ್ಲಿ ಅಮೆರಿಕದ ಜಾನ್ ಕ್ಯಾಫಿ ಎಂಬ ಎಕ್ಸ್‌ರೇ ತಜ್ಞ, ಮೆದುಳಿನ ಹೊದಿಕೆಯಡಿ ರಕ್ತ ಕಟ್ಟಿದ್ದ ಆರು ಶಿಶುಗಳಲ್ಲಿ 23 ಮೂಳೆ ಮುರಿತಗಳನ್ನು ಕಂಡ. ಪೆಟ್ಟು ಬಿದ್ದ ಕಥೆ ಯಾವ ಮನೆಯವರೂ ಹೇಳಿರಲಿಲ್ಲ. ಕ್ಯಾಫಿಯೂ ಮನೆಯವರೇ ಹೊಡೆದರೆಂದು ನೇರವಾಗಿ ಬರೆಯಲಿಲ್ಲ. ಅದನ್ನು ಹೆಸರಿಟ್ಟು ಹೇಳಿದ್ದು ಡೆನ್ವರ್‌ನ ಹೆನ್ರಿ ಕೆಂಪ್ ಮತ್ತು ಸಂಗಡಿಗರು, 1962ರಲ್ಲಿ. ತಂದೆ ತಾಯಿ ಹೀಗೆ ಮಾಡಿಯಾರು ಎಂದು ನಂಬಲು ವೈದ್ಯರ ಮನಸ್ಸು ಒಪ್ಪುವುದಿಲ್ಲ ಎಂಬುದನ್ನೂ ಅವರು ಅಲ್ಲಿಯೇ ಬರೆದರು. ಮುಂದಿನ ಐದಾರು ವರ್ಷಗಳಲ್ಲಿ ಅಮೆರಿಕದ ರಾಜ್ಯಗಳೆಲ್ಲ ವರದಿ ಕಡ್ಡಾಯ ಮಾಡುವ ಕಾನೂನು ತಂದವು.

ನಮ್ಮಲ್ಲಿ ಲೈಂಗಿಕ ದೌರ್ಜನ್ಯದ ಮಟ್ಟಿಗೆ ಆ ಕಾನೂನು ಪೋಕ್ಸೊ. 2012ರ ನವೆಂಬರ್ 14ರಂದು ಜಾರಿಗೆ ಬಂತು. 19ನೇ ಕಲಂ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದು ಎಂಬ ಆತಂಕವಿರುವವರು ಯಾರೇ ಆಗಲಿ ಪೊಲೀಸರಿಗೆ ಹೇಳಲೇಬೇಕು. ಹೇಳದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಸಿವಿಲ್, ಕ್ರಿಮಿನಲ್ ಯಾವ ಹೊಣೆಯೂ ಬರುವುದಿಲ್ಲ ಎಂದು ಅದೇ ಕಲಂ ಹೇಳುತ್ತದೆ. ‘ನಮಗ್ಯಾಕೆ ಕೋರ್ಟು ಕಚೇರಿ’ ಎನ್ನುವ ಸಹೋದ್ಯೋಗಿಗಳು ಈ ಒಂದು ಸಾಲನ್ನು ಓದಿರುವುದೇ ಇಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಾಸ್ಟೆಲ್ ಒಂದರ ಬಾಲಕಿಯರಿಗೆ ಚಿಕಿತ್ಸೆ ಕೊಟ್ಟೂ ಪೊಲೀಸರಿಗೆ ತಿಳಿಸಲಿಲ್ಲ ಎಂಬ ಆರೋಪ ಹೊತ್ತ ವೈದ್ಯರ ಮೇಲಿನ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು.

ಹೊಡೆತ, ಸುಟ್ಟ ಗಾಯ, ಉಪವಾಸ ಕೆಡವಿದ್ದು ಇವೆಲ್ಲ ಪೋಕ್ಸೊ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಎಂಎಲ್‌ಸಿ ಇದೆ, 2015ರ ಬಾಲನ್ಯಾಯ ಕಾಯ್ದೆ ಇದೆ. ಡಾಕ್ಟರ್ ಅಥವಾ ನರ್ಸ್ ನೇರವಾಗಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.

ಇನ್ನೊಂದು ತಪ್ಪು ತಿಳಿವಳಿಕೆ ಮಕ್ಕಳಿಗೆ ತುಂಬಾ ಅನ್ಯಾಯ ಮಾಡಿದೆ. ‘ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಅಂದರೆ ಏನೂ ಆಗಿಲ್ಲ’ ಎನ್ನುವುದು. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳಲ್ಲಿ ಹೆಚ್ಚಿನವರ ಮೈಯಲ್ಲಿ ಯಾವ ಗುರುತೂ ಇರುವುದಿಲ್ಲ. ಎಷ್ಟೋ ಕೃತ್ಯಗಳು ಗಾಯವನ್ನೇ ಮಾಡುವುದಿಲ್ಲ. ಆದ ಗಾಯವೂ ಆ ಭಾಗದಲ್ಲಿ ಕೆಲವೇ ದಿನಗಳಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ಗೆ ವಿಜ್ಞಾನದ ಆಧಾರವೇ ಇಲ್ಲ. ಸುಪ್ರೀಂ ಕೋರ್ಟ್ 2013ರಲ್ಲೂ 2022ರಲ್ಲೂ ಅದನ್ನು ಖಂಡಿಸಿದೆ. ಇಲ್ಲಿ ಮಗುವಿನ ಮಾತೇ ಮುಖ್ಯ ಸಾಕ್ಷ್ಯ. ಅದನ್ನು ನಾವು ತಿದ್ದಬಾರದು, ಮಗು ಆಡಿದ ಮಾತಿನಲ್ಲೇ ಬರೆಯಬೇಕು. ಮಗು ‘ಮಾಮ ಉಚ್ಚೆ ಮಾಡೋ ಜಾಗ ಮುಟ್ಟಿದ’ ಎಂದರೆ ಕೇಸ್ ಶೀಟಿನಲ್ಲಿ ಅದೇ ಇರಬೇಕು. ಮತ್ತೆ ಮತ್ತೆ ಕೆದಕಿ ಕೇಳುವ ಕೆಲಸ ನಮ್ಮದಲ್ಲ.

ಆ ಸಿಸ್ಟರ್ ಹೋದ ವರ್ಷ ನಿವೃತ್ತರಾದರು. ಹೊಸದಾಗಿ ಬರುವ ಹುಡುಗಿಯರಿಗೆ ನಾನು ಅವರಿಂದ ಕಲಿತದ್ದನ್ನೇ ಹೇಳುತ್ತೇನೆ: ತೂಕ ನೋಡುವಾಗ ಮಗುವಿನ ಬಟ್ಟೆ ಪೂರ್ತಿ ತೆಗೆಯಿರಿ, ಕಿಟಕಿಯ ಬೆಳಕಿಗೆ ಹಿಡಿಯಿರಿ, ಕಿವಿ ಮಡಚಿ ನೋಡಿ, ತುಟಿ ಎತ್ತಿ ನೋಡಿ. ಅಂಥದ್ದೇ ಇನ್ನೊಂದು ಮಗು ಮೊನ್ನೆ ಬಂದಾಗ ಕೇಸ್ ಶೀಟಿನಲ್ಲಿ ನಾನು ಬರೆದದ್ದು ಇಷ್ಟು: ‘ಎಡಗಿವಿಯ ಹಿಂದೆ ನೀಲಿಗಟ್ಟಿದ ಕಲೆ, ಉದ್ದ 1.5 ಸೆಂ.ಮೀ., ಅಗಲ 1 ಸೆಂ.ಮೀ., ಅಂಚು ಹಳದಿ. ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿದೆ. ಮಂಚದಿಂದ ಉರುಳಿ ಬಿತ್ತು ಎಂದು ತಂದೆ ಹೇಳಿಕೆ. ಮಗು ಇನ್ನೂ ಬೋರಲು ಬೀಳುವುದಿಲ್ಲ ಎಂದು ತಾಯಿ ಹೇಳಿಕೆ.’