ಟರ್ಬೊ ಕಾರು ಆಗಾಗ ಎಳೆತ ಕಳೆದುಕೊಂಡರೆ: ದೋಷ ಹುಡುಕುವ ಕ್ರಮ

ಟರ್ಬೊ ಇರುವ ಕಾರು ಸದಾ ಮಂದವಾಗಿ ಓಡುತ್ತಿದ್ದರೆ ಕಾರಣ ಹುಡುಕುವುದು ಅಷ್ಟು ಕಷ್ಟವಲ್ಲ. ಒಮ್ಮೆ ಚೆನ್ನಾಗಿ ಎಳೆದು, ಇನ್ನೊಮ್ಮೆ ಏರಿನಲ್ಲಿ ಪಿಕಪ್ ಬಿಟ್ಟು, ವರ್ಕ್‌ಶಾಪಿಗೆ ಬರುವಷ್ಟರಲ್ಲಿ ಮತ್ತೆ ಸರಿಹೋಗುವ ಗಾಡಿಯೇ ಕಲಿಯುವವರನ್ನು ಗೊಂದಲಕ್ಕೆ ತಳ್ಳುತ್ತದೆ. ಇಂಥಲ್ಲಿ ಯಾವ ಭಾಗ ಬದಲಿಸಬೇಕು ಎಂದು ಯೋಚಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಆ ಹೊತ್ತಿನಲ್ಲಿ ಶಕ್ತಿ ಕೊಡಲು ಎಂಜಿನ್ನಿಗೇ ಆಗಲಿಲ್ಲವೋ, ಅಥವಾ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತಾನಾಗಿಯೇ ಅದನ್ನು ತಡೆಹಿಡಿಯಿತೋ?

ಗಾಡಿ ಓಡಿಸುವವರನ್ನು ಸರಿಯಾಗಿ ವಿಚಾರಿಸಿದರೆ ಇದಕ್ಕೆ ಅರ್ಧ ಉತ್ತರ ಸಿಗುತ್ತದೆ. ಶಕ್ತಿ ಒಮ್ಮೆಲೇ ಹೋಗಿ, ಎಷ್ಟು ಆಕ್ಸಿಲರೇಟರ್ ಒತ್ತಿದರೂ ಬರದೆ, ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ ಕೂಡಲೇ ಮರಳಿದರೆ ಅದು ಬಹುಮಟ್ಟಿಗೆ ಲಿಂಪ್ ಮೋಡ್. ಎಂಜಿನ್ನನ್ನು ಕಾಪಾಡಲು ಇಸಿಯು ಬೂಸ್ಟನ್ನೂ (ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡ) ಇಂಧನವನ್ನೂ ಕಡಿತಗೊಳಿಸಿದೆ ಎಂದರ್ಥ. ಕಾವೇರಿದಂತೆ ನಿಧಾನವಾಗಿ ಕುಗ್ಗಿ, ಓಡುತ್ತಿರುವಾಗಲೇ ಮರಳುವ ಶಕ್ತಿಯ ಕಥೆ ಬೇರೆ. ಪೆಟ್ರೋಲ್ ಗಾಡಿ ಭಾರ ಬಿದ್ದಾಗ ಮಾತ್ರ ಜರ್ಕ್ ಹೊಡೆದರೆ ಮಿಸ್ಸಿಂಗನ್ನು (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದಿರುವುದನ್ನು) ಸಂಶಯಿಸಬೇಕು, ಏಕೆಂದರೆ ಬೂಸ್ಟ್ ಏರಿದಾಗ ಸಿಲಿಂಡರಿನೊಳಗೆ ಗಾಳಿ ದಟ್ಟವಾಗಿ, ಪ್ಲಗ್ಗಿನಲ್ಲಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ; ದುರ್ಬಲವಾದ ಇಗ್ನಿಷನ್ ಕಾಯಿಲ್ ಸೋಲುವುದು ಅಲ್ಲಿಯೇ.

ಇಸಿಯು ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೊಡನೆ ಕೋಡ್ ಅಳಿಸಬಾರದು. ಕೋಡ್ ದಾಖಲಾದ ಕ್ಷಣದ ಆರ್‌ಪಿಎಂ, ಲೋಡ್, ವೇಗ, ಕೂಲೆಂಟ್ ತಾಪಮಾನಗಳು ಫ್ರೀಜ್ ಫ್ರೇಮಿನಲ್ಲಿ ಉಳಿದಿರುತ್ತವೆ, ಕೋಡಿನೊಂದಿಗೆ ಅವೂ ಅಳಿದುಹೋಗುತ್ತವೆ. ಪಿ0299 ಎಂದರೆ ಬೂಸ್ಟ್ ಸಾಲದು, ಪಿ0234 ಎಂದರೆ ಬೂಸ್ಟ್ ಮಿತಿ ಮೀರಿತು. ಇವೆರಡೂ ಲಕ್ಷಣದ ಹೆಸರುಗಳೇ ಹೊರತು ಕೆಟ್ಟ ಭಾಗದ ಹೆಸರುಗಳಲ್ಲ. ಪಿ0299 ಕಂಡ ಕೂಡಲೇ ಟರ್ಬೊ ಬದಲಿಸಲು ಹೊರಡುವುದು ಈ ಕೆಲಸದಲ್ಲಿ ಅತ್ಯಂತ ದುಬಾರಿಯಾದ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಳೆಯುವ ಸೆನ್ಸರ್ ಸರಿಯಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದಾಗ ಬೂಸ್ಟ್ ಸೆನ್ಸರ್ ವಾತಾವರಣದ ಒತ್ತಡವನ್ನೇ ತೋರಿಸಬೇಕು, ಅಂದರೆ ಸಮುದ್ರ ಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್, 1000 ಮೀಟರ್ ಎತ್ತರದಲ್ಲಿ ಸುಮಾರು 90. ಇದು ನಿರಪೇಕ್ಷ ಒತ್ತಡವೆಂಬುದನ್ನು ಮರೆಯಬಾರದು: ಪರದೆಯ ಮೇಲೆ 200 ಎಂದಿದ್ದರೆ, ಸಮುದ್ರ ಮಟ್ಟದಲ್ಲಿ ಟರ್ಬೊ ಸೇರಿಸಿರುವುದು ಸುಮಾರು 100 ಮಾತ್ರ.

ಇನ್ನು ಮುಖ್ಯವಾದ ಪರೀಕ್ಷೆ, ಓಡುವಾಗಿನ ದಾಖಲೆ. ಓಡಿಸುವವರು ರಸ್ತೆಯನ್ನೇ ನೋಡುತ್ತಿರಬೇಕು, ಸ್ಕ್ಯಾನರನ್ನು ಇನ್ನೊಬ್ಬರು ಹಿಡಿದಿರಬೇಕು. ಖಾಲಿ ಏರುರಸ್ತೆಯಲ್ಲಿ ಮೂರನೇ ಗೇರಿನಲ್ಲಿ 1500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ, ಇಸಿಯು ಕೇಳಿದ ಬೂಸ್ಟ್, ನಿಜವಾಗಿ ಬಂದ ಬೂಸ್ಟ್, ಬೂಸ್ಟ್ ನಿಯಂತ್ರಿಸುವ ಸೊಲೆನಾಯ್ಡಿನ (ವಿದ್ಯುತ್ ಕವಾಟದ) ಡ್ಯೂಟಿ (ಇಸಿಯು ಅದನ್ನು ಶೇಕಡಾ ಎಷ್ಟು ಹೊತ್ತು ಆನ್ ಇಡುತ್ತಿದೆ ಎಂಬುದು), ಇಂಧನದ ಒತ್ತಡ, ಒಳಬರುವ ಗಾಳಿಯ ತಾಪಮಾನ ಇವಿಷ್ಟನ್ನು ದಾಖಲಿಸಬೇಕು. ಕೇಳಿದ್ದು 200 ಇದ್ದು ಬಂದದ್ದು 160ಕ್ಕೆ ನಿಂತು, ಡ್ಯೂಟಿ ತನ್ನ ಮಿತಿಯವರೆಗೆ ಹೋಗಿದ್ದರೆ, ಇಸಿಯು ತನ್ನಿಂದಾದಷ್ಟೂ ಕೇಳುತ್ತಿದೆ, ಗಾಳಿ ಎಲ್ಲೋ ಸೋರುತ್ತಿದೆ ಅಥವಾ ಟರ್ಬೊಗೆ ಆಜ್ಞೆ ತಲುಪುತ್ತಿಲ್ಲ. ಬಂದದ್ದು ಕೇಳಿದ್ದನ್ನು ದಾಟಿ 230ಕ್ಕೆ ಚಿಮ್ಮಿ, ಮರುಕ್ಷಣ ಎಲ್ಲವೂ ಕುಸಿದರೆ ಬೂಸ್ಟಿನ ನಿಯಂತ್ರಣವೇ ಸರಿಯಾಗಿ ನಡೆಯುತ್ತಿಲ್ಲ. ಕೇಳಿದ ಬೂಸ್ಟೇ ಇಳಿದಿದ್ದರೆ ಮಾತ್ರ ಗಾಳಿಯ ದಾರಿಯನ್ನು ಬಿಟ್ಟು, ನಾಕ್ (ಸಿಲಿಂಡರಿನಲ್ಲಿ ಇಂಧನ ತಾನಾಗಿ ಸಿಡಿಯುವುದು), ಅತಿಯಾದ ತಾಪ, ಇಂಧನದ ಕೊರತೆಗಳತ್ತ ತಿರುಗಬೇಕು, ಏಕೆಂದರೆ ಇಸಿಯು ಬೇರೆ ಯಾವುದೋ ಕಾರಣಕ್ಕೆ ಹಿಂದೆ ಸರಿದಿದೆ.

ಬೂಸ್ಟ್ ಸಾಲದ ಮೊದಲ ಬಗೆಯಲ್ಲಿ ಇಂಟರ್‌ಕೂಲರಿನ (ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಭಾಗದ) ಹೋಸ್‌ಗಳನ್ನು ಕಣ್ಣಿಟ್ಟು ನೋಡಬೇಕು. ಕ್ಲಾಂಪಿನ ಅಂಚಿನಲ್ಲೋ ಹೋಸಿನ ಬಾಗಿನ ಒಳಮೈಯಲ್ಲೋ ಎಣ್ಣೆಯ ತೆಳುವಾದ ಪಸೆಯೊಂದಿಗೆ ದೂಳು ಕಪ್ಪಾಗಿ ಅಂಟಿಕೊಂಡಿದ್ದರೆ, ಅಲ್ಲಿ ಬೆರಳಿನಿಂದ ಒತ್ತಿ ಹೋಸನ್ನು ಬಗ್ಗಿಸಿದಾಗ ಕೂದಲೆಳೆಯಂಥ ಸೀಳು ಬಾಯಿ ಬಿಡಬಹುದು. ಐಡಲಿನಲ್ಲಿ ಈ ಭಾಗದಲ್ಲಿ ಒತ್ತಡವೇ ಇಲ್ಲದಿರುವುದರಿಂದ ಸೀಳು ಮುಚ್ಚಿರುತ್ತದೆ. ನಿಂತ ಗಾಡಿಯಲ್ಲಿ ದೋಷ ಕಾಣದಿರುವುದಕ್ಕೆ ಇದೇ ಕಾರಣ. ಹೋಸ್‌ಗಳೊಳಗೆ ಹೊಗೆ ತುಂಬಿಸಿ ಸೋರಿಕೆ ಹುಡುಕುವ ಕಡಿಮೆ ಒತ್ತಡದ ಹೊಗೆ ಪರೀಕ್ಷೆಯಲ್ಲೂ ಇದು ತಪ್ಪಿಸಿಕೊಳ್ಳಬಹುದು. ಡೀಸೆಲ್ ಗಾಡಿಯಾದರೆ ಭಾರದಲ್ಲಿ ಕಪ್ಪು ಹೊಗೆ ಬರುವುದು ಇನ್ನೊಂದು ಸುಳಿವು.

ನಿಯಂತ್ರಣದ ಸಣ್ಣ ಹೋಸ್‌ಗಳ ವಿಷಯದಲ್ಲಿ ಕಲಿಯುವವರು ಹೆಚ್ಚು ಎಚ್ಚರ ವಹಿಸಬೇಕು, ಏಕೆಂದರೆ ಒಂದೇ ಬಗೆಯ ಬಿರುಕು ಎರಡು ವ್ಯವಸ್ಥೆಗಳಲ್ಲಿ ತದ್ವಿರುದ್ಧ ಫಲ ಕೊಡುತ್ತದೆ. ವ್ಯಾಕ್ಯೂಮ್ ಎಳೆತದಿಂದ ವೇನ್‌ಗಳನ್ನು (ಟರ್ಬೊದೊಳಗೆ ಎಕ್ಸಾಸ್ಟ್ ಅನಿಲದ ದಾರಿಯನ್ನು ಕಿರಿದಾಗಿಸುವ ರೆಕ್ಕೆಗಳನ್ನು) ಮುಚ್ಚುವ ಡೀಸೆಲ್ ಟರ್ಬೊದಲ್ಲಿ ಹೋಸ್ ಸೋರಿದರೆ ಬೂಸ್ಟ್ ಸಾಲದಾಗುತ್ತದೆ. ಬೂಸ್ಟ್ ಒತ್ತಡದಿಂದಲೇ ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟ್ ಅನಿಲವನ್ನು ಟರ್ಬೊ ಚಕ್ರಕ್ಕೆ ಹೋಗದಂತೆ ಬದಿಗೆ ಬಿಡುವ ಬಾಗಿಲು) ತೆರೆಯುವ ವ್ಯವಸ್ಥೆಯಲ್ಲಿ ಹೋಸ್ ಸೋರಿದರೆ ಗೇಟ್ ತೆರೆಯದೆ ಬೂಸ್ಟ್ ಮಿತಿ ಮೀರುತ್ತದೆ. ವ್ಯಾಕ್ಯೂಮಿನಿಂದ ನಡೆಯುವ ಆಕ್ಚುಯೇಟರಿಗೆ (ರಾಡ್ ಮೂಲಕ ವೇನ್‌ಗಳನ್ನು ಚಲಿಸುವ ಭಾಗಕ್ಕೆ) ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟಾಗ ಪಂಪಿನ ಮಾಪಕದ ಮುಳ್ಳು ಇಳಿಯದೆ ನಿಲ್ಲಬೇಕು, ರಾಡ್ ತಡವರಿಸದೆ ಕೊನೆಯವರೆಗೆ ಚಲಿಸಬೇಕು. ನಡುವೆ ತಡೆದು ನಂತರ ಜಿಗಿದರೆ ಮಸಿಯಿಂದ ವೇನ್‌ಗಳು ಅಂಟುತ್ತಿವೆ ಎಂದು ಸಂಶಯಿಸಬೇಕು. ಬಹುಕಾಲ ನಿಧಾನವಾಗಿ ಓಡಿದ ಗಾಡಿ ಏರಿನಲ್ಲಿ ಥಟ್ಟನೆ ಪಿಕಪ್ ಬಿಡುವುದಕ್ಕೆ ಇದು ಸಾಮಾನ್ಯ ಕಾರಣ. ಎಂಜಿನ್ ಬಿಸಿಯಿದ್ದಾಗಲೂ ಈ ಪರೀಕ್ಷೆ ಮಾಡುವುದು ಒಳ್ಳೆಯದು, ಆದರೆ ಎಕ್ಸಾಸ್ಟ್ ಭಾಗಕ್ಕೆ ಕೈ ತಾಗದಂತೆ ನೋಡಿಕೊಳ್ಳಬೇಕು.

ಕೇಳಿದ ಬೂಸ್ಟೇ ಇಳಿದ ಮೂರನೇ ಬಗೆಯಲ್ಲಿ ಕಟ್ಟಿಕೊಂಡ ಇಂಧನ ಫಿಲ್ಟರ್, ಸೋತ ಪಂಪ್, ಡೀಸೆಲ್ಲಿನಲ್ಲಿ ಮಸಿ ತುಂಬಿದ ಡಿಪಿಎಫ್ (ಎಕ್ಸಾಸ್ಟಿನ ಮಸಿ ಹಿಡಿಯುವ ಫಿಲ್ಟರ್) ಇವುಗಳನ್ನು ಅದೇ ದಾಖಲೆಯ ಅಂಕಿಗಳ ಆಧಾರದಲ್ಲಿ ಒಂದೊಂದಾಗಿ ಪರೀಕ್ಷಿಸಬಹುದು.

ದುರಸ್ತಿಯಾದ ಮೇಲೆ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಮತ್ತೊಮ್ಮೆ ದಾಖಲಿಸಿ ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ಕೇಳಿದಷ್ಟು ಬೂಸ್ಟ್ ಬರುತ್ತಿದ್ದರೂ ಡ್ಯೂಟಿ ಇನ್ನೂ ಮಿತಿಯ ಹತ್ತಿರವೇ ಇದ್ದರೆ, ಇನ್ನೊಂದು ಸಣ್ಣ ಸೋರಿಕೆ ಉಳಿದುಕೊಂಡಿದೆಯೇ ಎಂದು ಹುಡುಕದೆ ಗಾಡಿಯನ್ನು ಹಿಂದಿರುಗಿಸಬಾರದು.