6/6 ಬಂದಿದೆ, ಆದ್ರೂ ರಾತ್ರಿ ಲೈಟು ಯಾಕೆ ಹರಡುತ್ತೆ?

ಪ್ರಶ್ನೆ: ನನಗೆ ಮೈನಸ್ 5 ಪವರ್ ಇತ್ತು. ಲೇಸರ್ ಮಾಡಿಸಿ ಎರಡು ತಿಂಗಳಾಯಿತು. ಚೆಕಪ್‌ನಲ್ಲಿ 6/6 ಬಂದಿದೆ ಅಂದರು. ಆದರೆ ರಾತ್ರಿ ಬೈಕ್ ಓಡಿಸುವಾಗ ಎದುರು ಗಾಡಿಯ ಲೈಟಿನ ಸುತ್ತ ಬಳೆ ಥರ ಕಾಣುತ್ತದೆ. ಆಪರೇಷನ್ ಫೇಲ್ ಆಯಿತಾ?

ಇಷ್ಟಕ್ಕೇ ಫೇಲ್ ಅಂತ ಹೇಳೋಕಾಗಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲವೂ ಅಡ್ಡ ಬರುವುದು ಒಂದೇ ನಂಬಿಕೆ: 6/6 ಬಂತು ಅಂದರೆ ಕಣ್ಣು ನೂರಕ್ಕೆ ನೂರು ಸರಿ. ಇದು ತಪ್ಪು. ಇವತ್ತು ಪೂರ್ತಿ ಬಿಡಿಸಿಯೇ ಹೇಳುತ್ತೇನೆ.

ಆರು ಮೀಟರ್ ದೂರದಿಂದ ಸಾಧಾರಣ ಕಣ್ಣು ಓದುವ ಸಾಲನ್ನು ನೀವೂ ಓದಿದಿರಿ. 6/6 ಅಂದರೆ ಅಷ್ಟೇ. ಆ ಅಕ್ಷರದ ಚಾರ್ಟನ್ನು ನೆದರ್ಲೆಂಡ್ಸಿನ ಡಾಕ್ಟರ್ ಹರ್ಮನ್ ಸ್ನೆಲೆನ್ 1862ರಲ್ಲಿ ಮಾಡಿದರು. ಬಿಳಿ ಹಲಗೆ, ಕಡುಕಪ್ಪು ಅಕ್ಷರ, ಒಳ್ಳೆ ಬೆಳಕು. ರೋಡು ಹಾಗಿರುತ್ತದಾ? ಸಂಜೆ ಏಳಕ್ಕೆ, ಬಣ್ಣ ಹೊಡೆಯದ ಹಂಪು ಡಾಂಬರಿನಲ್ಲೇ ಕರಗಿಹೋಗಿರುತ್ತದೆ. ಅಕ್ಕಿ ಆರಿಸುವಾಗ ಕಪ್ಪು ಕಲ್ಲು ತಕ್ಷಣ ಸಿಗುತ್ತದೆ, ಬಿಳಿ ಕಲ್ಲು ತಪ್ಪಿಸಿಕೊಳ್ಳುತ್ತದೆ. ಎರಡರ ಸೈಜೂ ಒಂದೇ!

ಹಿನ್ನೆಲೆಯಲ್ಲಿ ಬೆರೆತುಹೋದದ್ದನ್ನು ಬೇರೆ ಮಾಡಿ ಗುರುತಿಸುವ ಶಕ್ತಿಯನ್ನು ಅಳೆಯಲು ಪೆಲ್ಲಿ-ರಾಬ್ಸನ್ ಅಂತ ಬೇರೆ ಚಾರ್ಟೇ ಇದೆ. ಒಂದು ಮೀಟರ್ ದೂರದಲ್ಲಿ ಕೂರಿಸುತ್ತಾರೆ. ಅಕ್ಷರಗಳೆಲ್ಲ ದೊಡ್ಡವು, ಒಂದೇ ಸೈಜಿನವು. ಮೂರು ಮೂರು ಅಕ್ಷರಕ್ಕೊಮ್ಮೆ ಕಪ್ಪು ತೆಳುವಾಗುತ್ತಾ ಹೋಗುತ್ತದೆ, ಇಂಕು ಮುಗಿಯುತ್ತಾ ಬಂದ ಪ್ರಿಂಟರಿನ ಹಾಗೆ. ಕೊನೆಗೆ ಬರೀ ಬಿಳಿ ಹಾಳೆ ಕಂಡಂತಾಗುತ್ತದೆ. 6/6 ಸಾಲನ್ನು ಪಟಪಟ ಓದಿದವರು ಇಲ್ಲಿ ಬೇಗ ನಿಂತುಬಿಡುವುದುಂಟು. ‘ಎಲ್ಲ ಸರಿ ಇದೆ, ಸುಮ್ನೆ ನಿಮ್ಮ ಭ್ರಮೆ’ ಅಂತ ಯಾರಾದರೂ ಅಂದರೆ ಬೇಜಾರಾಗುತ್ತೆ ಅಲ್ವಾ? ಭ್ರಮೆ ಅಲ್ಲ ಅದು.

ಈಗ ಬಳೆಯ ವಿಷಯ. ಕಣ್ಣಿನ ಮುಂದೆ ಕಾರ್ನಿಯಾ ಅನ್ನೋ ಗಾಜಿನಂಥ ಪದರ ಇದೆ. ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ. ಲೇಸರ್ ಅದರ ನಡುಭಾಗವನ್ನು ಕೊಂಚ ಸವೆಸಿ ಚಪ್ಪಟೆ ಮಾಡುತ್ತದೆ. ಹೀಗೆ ತಿದ್ದಿದ ಜಾಗ ಸಾಮಾನ್ಯವಾಗಿ ಆರು, ಆರೂವರೆ ಮಿಲಿಮೀಟರ್ ಅಗಲ. ಹಗಲಲ್ಲಿ ಕಣ್ಣಿನ ಪಾಪೆ ಚಿಕ್ಕದು, ಬೆಳಕೆಲ್ಲ ತಿದ್ದಿದ ಜಾಗದಿಂದಲೇ ಹೋಗುತ್ತದೆ. ಕತ್ತಲಲ್ಲಿ ಪಾಪೆ ಹಿಗ್ಗುತ್ತದೆ. ಆಗ ಅಂಚಿನಿಂದಲೂ ಬೆಳಕು ನುಗ್ಗಿ ಬೇರೆ ಕಡೆ ಬೀಳುತ್ತದೆ. ಅದೇ ನಿಮ್ಮ ಬಳೆ. ಜೊತೆಗೆ ಆಪರೇಷನ್‌ನಲ್ಲಿ ಸಣ್ಣ ನರಗಳು ಕತ್ತರಿಸಿ ಕಣ್ಣು ಒಣಗುತ್ತದೆ. ಕಣ್ಣೀರಿನ ಪದರ ಸಮವಾಗಿಲ್ಲದಿದ್ದರೂ ಲೈಟು ಹರಡುತ್ತದೆ. ತುಂಬ ಜನರಿಗೆ ಆರು ತಿಂಗಳು, ಒಂದು ವರ್ಷದಲ್ಲಿ ಇದು ತಗ್ಗುತ್ತದೆ. ಎರಡು ತಿಂಗಳಿಗೇ ತೀರ್ಮಾನ ಬೇಡ. ಆದರೆ ಡಾಕ್ಟರಿಗೆ ಹೇಳದೆ ಇರಬೇಡಿ.

ಲೇಸರ್ ಮಾಡಿಸಿಕೊಂಡವರ ಬಗ್ಗೆ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) ಕೈಜೋಡಿಸಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲೇಸರ್‌ಗೆ ಮೊದಲು ಇಂಥ ಯಾವ ತೊಂದರೆಯೂ ಇಲ್ಲದವರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಜನ, ಲೇಸರ್ ಆಗಿ ಮೂರು ತಿಂಗಳಾದಾಗ ಹೊಸದಾಗಿ ಒಂದಾದರೂ ತೊಂದರೆ ಇದೆ ಅಂದರು. ಅದೇ ಅಧ್ಯಯನದಲ್ಲಿ ತಮ್ಮ ದೃಷ್ಟಿ ಬಗ್ಗೆ ಅತೃಪ್ತಿ ಹೇಳಿದವರು ತೀರಾ ಕಡಿಮೆ. ಎರಡೂ ನಿಜ.

ಯಾರೂ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಲೇಸರ್‌ಗೆ ಮುಂಚಿನ ಪವರ್ ಚೀಟಿ, ಕಾರ್ನಿಯಾ ರಿಪೋರ್ಟು ಎಲ್ಲಿವೆ? ಎಸೆಯಬೇಡಿ. ಮುಂದೆ ಪೊರೆ ಆಪರೇಷನ್ ಬಂದಾಗ ಒಳಗೆ ಕೂರಿಸುವ ಲೆನ್ಸಿನ ಪವರನ್ನು ಕಾರ್ನಿಯಾದ ಬಾಗು ನೋಡಿ ಲೆಕ್ಕ ಹಾಕುತ್ತಾರೆ. ನಿಮ್ಮ ಬಾಗು ಬದಲಾಗಿದೆ. ಮಾಮೂಲಿ ಲೆಕ್ಕ ಹಾಕಿದರೆ ಕಡಿಮೆ ಪವರಿನ ಲೆನ್ಸ್ ಬಂದು, ಮತ್ತೆ ಪ್ಲಸ್ ಕನ್ನಡಕ ಹಾಕಬೇಕಾದೀತು. ಈಗ ಹೊಸ ಲೆಕ್ಕಗಳಿವೆ. ಆದರೂ ಲೇಸರ್ ಆಗಿದೆ ಅಂತ ಆ ಡಾಕ್ಟರಿಗೆ ಗೊತ್ತಿರಬೇಕು, ಹಳೆಯ ಚೀಟಿ ಇದ್ದರೆ ಇನ್ನೂ ಅನುಕೂಲ. ಇವತ್ತೇ ಫೋಟೊ ತೆಗೆದು, ಮನೆ ಪತ್ರದ ಫೈಲಿನಲ್ಲಿ ಒಂದು ಜೆರಾಕ್ಸ್ ಕೂಡ ಇಟ್ಟುಬಿಡಿ.